ಮುನಿರಾಬಾದಿನ ಕಡಲು

ಹದಿನೇಳು ವರ್ಷ ಒಂದು ಕಪ್ಪು ಟ್ರಂಕಿನಲ್ಲಿ ಹಿಡಿದವು.
ಮುಚ್ಚಳದ ಮೇಲೆ ಬಿಳಿ ಬಣ್ಣದ ನಂಬರು,
ಕೆಳಗೆ ಹವಾಲ್ದಾರ ಯಮನೂರಪ್ಪ, ಅದರ ಕೆಳಗೆ
ಮುಕ್ಕಾಲು ಅಳಿಸಿಹೋದ ಊರು.
ಟಿಕೆಟ್ಟು ಕೊಪ್ಪಳಕ್ಕೇ ಇತ್ತು.
ಹೊಸಪೇಟೆ ದಾಟಿದ್ದೇ ಕಿಟಕಿಯಲ್ಲಿ ನೀರು ಬಂತು,
ಬಂದದ್ದು ಹೋಗಲೊಲ್ಲದು.
ಮುನಿರಾಬಾದಿನಲ್ಲಿ ಟ್ರಂಕು ಇಳಿಸಿದೆ.
ಹಮಾಲರಿರಲಿಲ್ಲ. ನಾಯಿಯೊಂದಿತ್ತು.

ಆರನೇ ಕ್ಲಾಸಿನಲ್ಲಿ ಒಮ್ಮೆ ಇಲ್ಲಿಗೆ ಬಂದಿದ್ದೆ,
ಸಿಮೆಂಟು ಲಾರಿಯ ಹಿಂದೆ, ನಲವತ್ತು ಹುಡುಗರು,
ಪಾಟಿಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ.
"ಇದರ ಆ ದಂಡಿ ಎಲ್ಲೈತ್ರಿ ಸರ?" ಅಂದೆ.
ಸರ ತೋರಿಸಲಿಕ್ಕೆಂದು ಕೈ ಎತ್ತಿದರು,
ಹಾಗೇ ಇಳಿಸಿದರು.
ಆ ಇಳಿದ ಕೈಯನ್ನು ಹೋದ ಹೋದ ಪೋಸ್ಟಿಗೆಲ್ಲ ಒಯ್ದೆ.

ಹಿಮದಲ್ಲಿ, ಸೀಮೆಎಣ್ಣೆ ಒಲೆಯ ಮಗ್ಗುಲಿಗೆ,
ಸುಬ್ರಾಯ ಹರಿಕಂತ್ರ ಕಡಲಿನ ಮಾತಾಡುತ್ತಿದ್ದ.
ಕಾರವಾರದವನು. ಬಂಗುಡೆಯನ್ನು
ಬಾಯಿಮಾತಲ್ಲೇ ಹುರಿದು ಬಡಿಸುವವನು.
"ನಿಮ್ಮ ಕಡೆ ಏನುಂಟು ಮಾರಾಯ, ಕಲ್ಲು, ಬಿಸಿಲು."
ನಮ್ಮಲ್ಲೂ ಕಡಲೈತಿ ಅಂದೆ ಒಂದು ದಿನ.
ಅವನು ನಕ್ಕ ನಗೆಗೆ ಟೆಂಟಿನ ಮೇಲಿನ ಹಿಮ ಜಾರಿ ಬಿತ್ತು.

ಈಗ ನೀರಾವರಿ ಇಲಾಖೆಯ ಹಳೆ ಕ್ವಾರ್ಟರ್ಸಿನ ಹಿಂದೆ ಒಂದು ಕೋಣೆ,
ಬಾಡಿಗೆ ಸಾವಿರದೆಂಟುನೂರು.
ನಾಲ್ಕಕ್ಕೆ ಎಚ್ಚರ. ಬಿಗಿಲು ಊದುವವರಿಲ್ಲ.
ಕಂಬಳಿಯ ನಾಲ್ಕು ಮೂಲೆ ಕೂಡಿಸಿ ಮಡಚಿ
ಪಕ್ಕದಲ್ಲಿ ನಿಂತುಕೊಳ್ಳುತ್ತೇನೆ
ಯಾರೋ ತಪಾಸಣೆಗೆ ಬರುವರೆಂದು.
ಬರುವುದು ಬಿಸಿಲು.

ದಂಡೆಯಲ್ಲಿ ಮೌಲಾಸಾಬ ಹರಿಗೋಲಿಗೆ ಡಾಂಬರು ಬಳಿಯುತ್ತಾನೆ.
ಎಷ್ಟು ಮಂದೀನ ಹೊಡದಿ ಎಂದು ಕೇಳದ
ಒಬ್ಬನೇ ಮನುಷ್ಯ, ಇಡೀ ಜಿಲ್ಲೆಯಲ್ಲಿ.
"ಈಜು ಬರ್ತೈತೇನು?" ಎಂದ. ಇಲ್ಲ ಎಂದೆ.
"ಹಂಗಾದ್ರ ನಡುವ ಕುಂದ್ರು."
ಹರಿಗೋಲಿಗೆ ಮುಂದು ಹಿಂದು ಇಲ್ಲ. ತಿರುಗುತ್ತದೆ.
ಯಾವ ದಿಕ್ಕು ಕಾಯಬೇಕೆಂದು ತಿಳಿಯದೆ
ಮೊದಲ ವಾರ ನನ್ನ ಕತ್ತು ನೋಯಿತು.
ಎರಡನೇ ವಾರ ಬಿಟ್ಟುಕೊಟ್ಟೆ.

ಬಿರುಬೇಸಿಗೆಗೆ ಈ ಕಡಲು ಹಿಂದೆ ಸರಿಯುತ್ತದೆ.
ಮುಳುಗಿದ ಊರಿನ ಗೋಡೆ, ಒರಳುಕಲ್ಲು,
ಬಾವಿಯ ಬಾಯಿ ಮೇಲೇಳುತ್ತವೆ.
ಹುಲಿಗೆವ್ವ ಮಂಡಕ್ಕಿ ಅಂಗಡಿಗೆ ಒಂದು ದಿನ ರಜೆ ಹಾಕಿ
ಅತ್ತೆಯ ಅಡುಗೆಮನೆ ಹುಡುಕಿಕೊಂಡು ನಡೆಯುತ್ತಾಳೆ.
ಸಿಕ್ಕಿತು ಅನಿಸಿದ ಕಡೆ ಕೂತು
ಎಲೆಅಡಿಕೆ ಹಾಕಿಕೊಂಡು ಬರುತ್ತಾಳೆ.
ಅಳಲಿಲ್ಲೇನಬೇ ಎಂದರೆ,
"ಬಾಗಲಿಲ್ಲದ ಮನಿಯಾಗ ಹೆಂಗ ಅಳಲಿ,
ಎಲ್ಲಾರಿಗೂ ಕೇಳ್ತೈತಿ."

ಮಾಗಿಯಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬಂದವು.
ಇವನ್ನು ನಾನು ಅಲ್ಲಿ ಕಂಡಿದ್ದೆ, ದುರ್ಬೀನಿನಲ್ಲಿ,
ಶತ್ರುವಿಗೆಂದು ಇಟ್ಟ ಕಣ್ಣಿನಲ್ಲಿ.
ಇಲ್ಲಿ ಯಾರದೋ ಹೊಲದಲ್ಲಿ ಕಳ್ಳರಂತೆ ಮೇಯುತ್ತಿದ್ದವು.
ನಿಮಗೂ ಪೆನ್ಷನ್ ಆತೇನ್ರಲೇ ಎಂದೆ.
ಹಾರಲಿಲ್ಲ. ಗುರುತಿತ್ತೋ, ಹಸಿವಿತ್ತೋ.

ಸುಬ್ರಾಯನಿಗೆ ಹುಬ್ಬಳ್ಳಿಯ ಎಟಿಎಂ ಕಾವಲು.
ಗಾಜಿನ ಪೆಟ್ಟಿಗೆ, ರಾತ್ರಿ ಪಾಳಿ,
ಮತ್ತೆ ಅದೇ ತಂಪು.
ಊರಿಗೆ ಹೋಗಿ ನಾಲ್ಕು ವರ್ಷ. ಅಣ್ಣನ ಜೊತೆ ವ್ಯಾಜ್ಯ.
ಫೋನು ಮಾಡಿ ಸುಮ್ಮನಿರುತ್ತಾನೆ.
ನಾನೂ ಏನೂ ಕೇಳುವುದಿಲ್ಲ.
ದಂಡೆಗಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು,
ಫೋನನ್ನು ನೀರಿನ ಮೇಲೆ ಹಿಡಿಯುತ್ತೇನೆ.
ಗಾಳಿಯಿದ್ದರೆ ತೆರೆ.
ಇಲ್ಲದಿದ್ದರೆ ಮೌಲಾಸಾಬನ ಹುಟ್ಟು.
"ಉಪ್ಪಿಲ್ಲ ಇದರಲ್ಲಿ" ಎನ್ನುತ್ತಾನೆ, ಬಹಳ ಹೊತ್ತಿನ ಮೇಲೆ.
ಕಿವಿಗೆ ಉಪ್ಪು ಗೊತ್ತಾಕ್ಕೈತೇನಲೇ ಎನ್ನುತ್ತೇನೆ.
ಅತ್ತ ಯಾರೋ ಬಾಗಿಲು ದೂಡಿದ ಸದ್ದು,
ಯಂತ್ರ ನೋಟೆಣಿಸುವ ಸದ್ದು.
"ಹಿಡಿ ಮಾರಾಯ, ಇನ್ನೂ ಸ್ವಲ್ಪ ಹಿಡಿ."
ಕೈ ಸೋಲುತ್ತಿದೆ.
ಇಳಿಸಿಲ್ಲ.